ಕೊಂಡ ಮೇಲೆ ಬೇಸರವಾದರೆ: ಹಾಡಿನ ಡಿಸ್ಕ್, ಎಲೆಕ್ಟ್ರಾನಿಕ್ಸ್ ವಾಪಸ್ ಮಾಡುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಿಡಿ, ಎಲ್‌ಪಿ ರೆಕಾರ್ಡ್, ಹೆಡ್‌ಫೋನ್, ಟಿವಿ, ಫೋನ್ ಕೊಂಡು ಬೇಸರಪಟ್ಟವರು ಮಾತಿಗೆ ಸಿಕ್ಕಾಗ, ಪತ್ರ ಬರೆದಾಗ ಕೇಳಿದ ಪ್ರಶ್ನೆಗಳು ಇವು. ಅವರು ಕೇಳಿದ ಹಾಗೇ ಇಟ್ಟಿದ್ದೇನೆ, ಸಿಟ್ಟಿನ ಸಮೇತ. ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ. ಯಾವ ಮಾತು ಎಲ್ಲಿಗೆ ಅನ್ವಯ ಅನ್ನುವುದನ್ನು ಆಯಾ ಉತ್ತರದಲ್ಲೇ ಹೇಳಿದ್ದೇನೆ.

## ಮೊದಲು ಇಷ್ಟು

ನಂಗೆ ಇಷ್ಟ ಆಗಲಿಲ್ಲ ಅಷ್ಟೇ. ವಾಪಸ್ ತಗೊಳ್ಳಲೇಬೇಕು ಅಲ್ವಾ?

ಇಲ್ಲ. ಅಂಗಡಿಗೆ ಹೋಗಿ, ನೋಡಿ, ಕೊಂಡಿದ್ದಾದರೆ "ಮನಸ್ಸು ಬದಲಾಯಿತು" ಅನ್ನುವುದಕ್ಕೆ ಹೆಚ್ಚಿನ ದೇಶಗಳಲ್ಲಿ ಕಾನೂನಿನ ಬೆಂಬಲ ಇಲ್ಲ. ಅಂಗಡಿಯವರು ವಾಪಸ್ ತೆಗೆದುಕೊಂಡರೆ ಅದು ಅವರ ಸೌಜನ್ಯ. ಎಷ್ಟು ದಿನ, ಯಾವ ಸ್ಥಿತಿಯಲ್ಲಿ, ದುಡ್ಡೋ ಬದಲಿಯೋ ಅಂತ ಅವರೇ ತೀರ್ಮಾನ ಮಾಡುತ್ತಾರೆ.

ಮಾಲಿನಲ್ಲಿ ದೋಷ ಇದ್ದರೆ ಕತೆಯೇ ಬೇರೆ. ಕೆಟ್ಟಿರುವುದು, ಹೇಳಿದ್ದೊಂದು ಕೊಟ್ಟಿದ್ದೊಂದು ಆಗಿರುವುದು, ಮಾಡಬೇಕಾದ ಕೆಲಸ ಮಾಡದಿರುವುದು, ಇವೆಲ್ಲ ನಿಮ್ಮ ಹಕ್ಕಿನ ವಿಷಯ. ಕೌಂಟರ್‌ನಲ್ಲಿ ನಡೆಯುವ ಮುಕ್ಕಾಲು ಜಗಳಕ್ಕೆ ಈ ಎರಡನ್ನು ಕಲಸಿ ಮಾತಾಡುವುದೇ ಕಾರಣ. ಗಿರಾಕಿ ಸೌಜನ್ಯವನ್ನು ಹಕ್ಕು ಅಂದುಕೊಂಡು ಕೂಗುತ್ತಾನೆ. ಅಂಗಡಿಯವನು ಹಕ್ಕನ್ನೇ ಸೌಜನ್ಯ ಅನ್ನುವ ಹಾಗೆ ನಡೆದುಕೊಳ್ಳುತ್ತಾನೆ. ನನ್ನ ಅನುಭವದಲ್ಲಿ ಎರಡನೆಯದೇ ಜಾಸ್ತಿ.

ಆನ್‌ಲೈನ್‌ನಲ್ಲಿ ತಗೊಂಡಿದ್ದಕ್ಕೂ ಇದೇ ನಿಯಮನಾ?

ಯುರೋಪಿಯನ್ ಒಕ್ಕೂಟದಲ್ಲಿ ಅಲ್ಲ. ಅಲ್ಲಿ ಆನ್‌ಲೈನ್‌ನಲ್ಲಿ ಕೊಂಡದ್ದನ್ನು ಕೈಸೇರಿದ 14 ದಿನದೊಳಗೆ ಕಾರಣ ಹೇಳದೆ ರದ್ದು ಮಾಡಬಹುದು. ಬ್ರಿಟನ್‌ನಲ್ಲೂ ಹಾಗೇ. ಕೊಳ್ಳುವ ಮೊದಲು ಮುಟ್ಟಿ ನೋಡುವ ಅವಕಾಶ ಇರಲಿಲ್ಲವಲ್ಲ, ಅದಕ್ಕೆ ಈ ರಿಯಾಯಿತಿ. ಆದರೆ ಅಂಗಡಿಯಲ್ಲಿ ನೋಡುವಷ್ಟು ಮಾತ್ರ ನೋಡಬೇಕು. ಅದಕ್ಕಿಂತ ಜಾಸ್ತಿ ಬಳಸಿ ಬೆಲೆ ಇಳಿಸಿದರೆ ಅಷ್ಟನ್ನು ಮುರಿದುಕೊಳ್ಳಬಹುದು.

ಅಮೆರಿಕದಲ್ಲಿ "ಮೂರು ದಿನದೊಳಗೆ ಏನು ಬೇಕಾದರೂ ವಾಪಸ್ ಮಾಡಬಹುದು" ಅನ್ನುವ ನಂಬಿಕೆ ಇದೆ. ಆ ಮೂರು ದಿನದ ಕೇಂದ್ರ ನಿಯಮ ಮನೆ ಬಾಗಿಲಿಗೆ ಬಂದು ಅಥವಾ ತಾತ್ಕಾಲಿಕ ಜಾಗದಲ್ಲಿ ಮಾರಿದ್ದಕ್ಕೆ ಸಂಬಂಧಿಸಿದ್ದು. ಮಾಮೂಲಿ ಅಂಗಡಿಗೂ ಅನ್ವಯಿಸುವುದಿಲ್ಲ, ಆನ್‌ಲೈನ್‌ಗೂ ಇಲ್ಲ.

ಭಾರತದಲ್ಲಿ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ರಿಟರ್ನ್, ರೀಫಂಡ್, ಬದಲಿ, ವಾರಂಟಿ ವಿವರಗಳನ್ನು ಮಾರುವ ಮೊದಲೇ ತೋರಿಸಬೇಕು. ಮನಸ್ಸು ಬದಲಾಯಿಸಲು ಎಷ್ಟು ದಿನ ಅನ್ನುವುದನ್ನು ಮಾತ್ರ ಮಾರುವವರಿಗೇ ಬಿಟ್ಟಿದ್ದಾರೆ.

"ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ" ಅಂತ ಬೋರ್ಡ್ ಹಾಕಿದ್ದಾರೆ. ಅಲ್ಲಿಗೆ ಮುಗೀತಾ?

ಇಷ್ಟವಾಗದ ಮಾಲಿನ ಮಟ್ಟಿಗೆ ಮುಗಿಯಿತು. ದೋಷ ಇರುವ ಮಾಲಿನ ಮಟ್ಟಿಗೆ ಆ ಬೋರ್ಡ್ ಬರೀ ಬೋರ್ಡು. ಆಸ್ಟ್ರೇಲಿಯಾದಲ್ಲಂತೂ ಯಾವ ಕಾರಣಕ್ಕೂ ದುಡ್ಡು ವಾಪಸ್ ಇಲ್ಲ ಅಂತ ಬೋರ್ಡ್ ಹಾಕುವುದೇ ಕಾನೂನಿಗೆ ವಿರುದ್ಧ. ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ ವಾಪಸ್ ಪಡೆದು ದುಡ್ಡು ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಏನೂ ಹೇಳದಿದ್ದರೆ ಆ ಅವಧಿ 30 ದಿನ. ಬ್ರಿಟನ್‌ನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಲ್ಲೂ ದೋಷವಿರುವ ವಸ್ತುವನ್ನು ತಿರಸ್ಕರಿಸಿ ಪೂರ್ತಿ ದುಡ್ಡು ಕೇಳಲು 30 ದಿನ ಇದೆ.

ಅಮೆರಿಕದಲ್ಲಿ ಸ್ವಲ್ಪ ಹುಷಾರಾಗಿರಬೇಕು. "ಇದ್ದದ್ದು ಇದ್ದ ಹಾಗೆ" ಅಂತ ಮೊದಲೇ ಹೇಳಿ ಮಾರಿದರೆ ಹಲವು ರಾಜ್ಯಗಳಲ್ಲಿ ಆ ಮಾತು ನಿಲ್ಲುತ್ತದೆ.

ಬಿಲ್ ಕಳೆದುಹೋಗಿದೆ. ಏನು ಮಾಡೋದು?

ಬಿಲ್ ಅಂದರೆ ನೀವು ಅಲ್ಲೇ, ಆ ದಿನವೇ, ಅಷ್ಟಕ್ಕೇ ಕೊಂಡಿರಿ ಅನ್ನುವ ಸಾಕ್ಷಿ. ಆ ಕೆಲಸವನ್ನು ಬೇರೆ ದಾಖಲೆಯೂ ಮಾಡಬಹುದು. ಕಾರ್ಡಿನ ಸ್ಟೇಟ್‌ಮೆಂಟ್, ಪಾವತಿಯ ಮೆಸೇಜ್, ಇಮೇಲ್, ವಾರಂಟಿ ನೋಂದಣಿ ಯಾವುದಿದ್ದರೂ ತೋರಿಸಿ. ದೊಡ್ಡ ಅಂಗಡಿಗಳು ಫೋನ್ ನಂಬರ್ ಹಾಕಿ ಹಳೇ ಬಿಲ್ ಹುಡುಕಿಕೊಡುತ್ತವೆ. ಬಿಸಿಗೆ ಅಚ್ಚಾಗುವ ಬಿಲ್ ಕಾಗದ ಕೆಲವೇ ತಿಂಗಳಲ್ಲಿ ಬಿಳುಚಿಕೊಳ್ಳುತ್ತದೆ. ಕೊಂಡ ದಿನವೇ ಅದರದೊಂದು ಫೋಟೋ ತೆಗೆದಿಡಿ.

ಡಬ್ಬಿ ಎಸೆದುಬಿಟ್ಟೆ. ಹೋಯ್ತಾ?

ಸೌಜನ್ಯದ ರಿಟರ್ನ್ ಬಹುಮಟ್ಟಿಗೆ ಹೋಯಿತು. ದೋಷಕ್ಕೆ ಡಬ್ಬಿ ಬೇಕು ಅಂತ ಹಟ ಮಾಡುವುದು ನ್ಯಾಯವಲ್ಲ. ಕೆಟ್ಟಿರುವುದು ಯಂತ್ರ, ಡಬ್ಬಿಯಲ್ಲ.

ದುಡ್ಡು ಕೊಡಲ್ಲ, ಕ್ರೆಡಿಟ್ ನೋಟ್ ತಗೊಳ್ಳಿ ಅಂತಾರೆ. ತಗೋಬೇಕಾ?

ಮನಸ್ಸು ಬದಲಾಗಿ ವಾಪಸ್ ಮಾಡುತ್ತಿದ್ದರೆ ತೆಗೆದುಕೊಳ್ಳಿ, ಅಷ್ಟು ಸಿಕ್ಕಿದ್ದೇ ಲಾಭ. ತೆಗೆದುಕೊಳ್ಳುವಾಗ ಅದರ ಕೊನೇ ತಾರೀಕು ಓದಿ. ವಸ್ತುವೇ ಕೆಟ್ಟಿದ್ದು, ಕಾನೂನು ನಿಮಗೆ ದುಡ್ಡು ಕೊಡಿಸುತ್ತದೆ ಅಂತಾದರೆ ಕ್ರೆಡಿಟ್ ನೋಟಿಗೆ ಒಪ್ಪಲೇಬೇಕು ಅಂತೇನೂ ಇಲ್ಲ. ಒಮ್ಮೆ ಒಪ್ಪಿ ಸಹಿ ಹಾಕಿದರೆ ಮತ್ತೆ ದುಡ್ಡು ಕೇಳುವುದು ಕಷ್ಟ.

## ಹಾಡು, ಡಿಸ್ಕ್, ಡೌನ್‌ಲೋಡ್

ಸಿಡಿ ಪ್ಲಾಸ್ಟಿಕ್ ಬಿಚ್ಚಿದ ತಕ್ಷಣ ವಾಪಸ್ ತಗೊಳ್ಳಲ್ಲ ಅಂತಾರಲ್ಲ, ನಾನೇನು ಕಳ್ಳನಾ?

ನೀವಲ್ಲ. ಆದರೆ ನಿಮ್ಮ ಹಿಂದೆ ಸಾಲಿನಲ್ಲಿ ನಿಂತವರು ಯಾರು ಅಂತ ಅಂಗಡಿಯವರಿಗೆ ಗೊತ್ತಿಲ್ಲ. ಹಾಡಿನ ಡಿಸ್ಕ್‌ನ ಸಮಸ್ಯೆ ಏನೆಂದರೆ, ಅದರ ಬೆಲೆ ಇರುವುದು ಪ್ಲಾಸ್ಟಿಕ್ ತಟ್ಟೆಯಲ್ಲಲ್ಲ, ಒಳಗಿನ ಹಾಡಿನಲ್ಲಿ. ಸಂಜೆ ಕೊಂಡು, ರಾತ್ರಿ ನಕಲು ಮಾಡಿಕೊಂಡು, ಬೆಳಗ್ಗೆ "ಇಷ್ಟ ಆಗಲಿಲ್ಲ" ಅಂತ ತಂದುಕೊಟ್ಟರೆ ಅಂಗಡಿಯವರ ಕೈಯಲ್ಲಿ ಬಿಚ್ಚಿದ ಡಿಸ್ಕ್ ಉಳಿಯುತ್ತದೆ, ಹಾಡು ಪುಕ್ಕಟೆಯಾಗಿ ಹೊರಗೆ ಹೋಗಿರುತ್ತದೆ.

ಇದು ಇವತ್ತಿನ ಚಿಂತೆಯಲ್ಲ. ಕ್ಯಾಸೆಟ್ 1963ರಲ್ಲಿ ಬಂದಿತ್ತು. ಮನೆಯಲ್ಲೇ ಎಲ್‌ಪಿಯಿಂದ ಕ್ಯಾಸೆಟ್‌ಗೆ ನಕಲು ಇಳಿಸುವುದು ಆಮೇಲೆ ಮಾಮೂಲಾಯಿತು. ಅಮೆರಿಕ 1984ರಲ್ಲಿ ರೆಕಾರ್ಡುಗಳನ್ನು ಬಾಡಿಗೆಗೆ ಕೊಡುವ ವ್ಯಾಪಾರಕ್ಕೇ ತಡೆ ಹಾಕಿತು. ಬಾಡಿಗೆ ಅನ್ನುವುದು ನಕಲಿಗೆ ಇನ್ನೊಂದು ಹೆಸರು ಅನ್ನುವ ಭಯ ಅದರ ಹಿಂದೆ ಇತ್ತು. ಒಂದು ಲೆಕ್ಕದಲ್ಲಿ ಧಾರಾಳವಾದ ರಿಟರ್ನ್ ಕೂಡ ಬಾಡಿಗೆ ಇಲ್ಲದ ಬಾಡಿಗೆ ಅಂಗಡಿಯೇ. 1990ರ ದಶಕದ ಕೊನೆಗೆ ಕಂಪ್ಯೂಟರ್‌ನಲ್ಲಿ ಸಿಡಿ ಬರೆಯುವ ಡ್ರೈವ್ ಅಗ್ಗವಾದ ಮೇಲೆ ನಕಲಿಗೂ ಅಸಲಿಗೂ ಕಿವಿಗೆ ತಿಳಿಯುವ ವ್ಯತ್ಯಾಸವೇ ಉಳಿಯಲಿಲ್ಲ. ಬಿಚ್ಚಿದ ಡಿಸ್ಕ್ ಬಗ್ಗೆ ಅಂಗಡಿಗಳು ಬಿಗಿಯಾದದ್ದರಲ್ಲಿ ಆಶ್ಚರ್ಯವಿಲ್ಲ.

ಕಾನೂನೂ ಇದನ್ನು ಒಪ್ಪಿದೆ. ಯುರೋಪಿನ 14 ದಿನದ ಹಕ್ಕಿನಲ್ಲೂ ಸೀಲ್ ಮಾಡಿದ ಆಡಿಯೋ, ವಿಡಿಯೋ, ಸಾಫ್ಟ್‌ವೇರ್ ಬಿಚ್ಚಿದರೆ ಆ ಹಕ್ಕು ಹೋಗುತ್ತದೆ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಆದರೆ ಇವತ್ತು ಹೊಸ ಹಾಡು ಬಿಡುಗಡೆಯಾದ ದಿನವೇ ಸ್ಟ್ರೀಮಿಂಗ್‌ನಲ್ಲಿ ಸಿಗುತ್ತದೆ. ನಕಲು ಮಾಡಲೆಂದೇ ಸಿಡಿ ಕೊಂಡು ವಾಪಸ್ ಮಾಡುವಷ್ಟು ಪುರುಸೊತ್ತು ಯಾರಿಗಿದೆ? ನಿಯಮ ತನ್ನ ಕಾರಣಕ್ಕಿಂತ ಜಾಸ್ತಿ ದಿನ ಬದುಕಿದೆ ಅಂತ ನನಗೆ ಅನ್ನಿಸುತ್ತದೆ.

ಆಲ್ಬಮ್ಮೇ ಚೆನ್ನಾಗಿಲ್ಲ ಅಂದ್ರೆ, ಅದೇ ಆಲ್ಬಮ್ ಇನ್ನೊಂದು ಕೊಡ್ತೀನಿ ಅಂತಾರೆ. ಇದೇನು ತಮಾಷೆನಾ?

ಕೇಳುವುದಕ್ಕೆ ತಮಾಷೆಯೇ. ಆದರೆ ಆ ನಿಯಮ ಇರುವುದು ಗೀರು ಬಿದ್ದ, ಓಡದ ಡಿಸ್ಕ್‌ಗಾಗಿ. ಅದೇ ಆಲ್ಬಮ್ ಬದಲಿ ಕೊಟ್ಟರೆ ದೋಷವೂ ಸರಿಹೋಗುತ್ತದೆ, ನಕಲು ಮಾಡಿಕೊಂಡವನಿಗೆ ಲಾಭವೂ ಇಲ್ಲ. ಹಾಡು ಕೆಟ್ಟದಾಗಿದೆ ಅನ್ನುವುದು ಡಿಸ್ಕಿನ ದೋಷವಲ್ಲ. ಒಂದು ಹಿಟ್ ಹಾಡಿನ ಜೊತೆ ಉಳಿದದ್ದೆಲ್ಲ ಜಾಗ ತುಂಬಿಸಲು ಹಾಕಿದ್ದು ಅನ್ನುವ ದೂರು ಬಹಳ ಹಳೇದು, ಬಹಳ ಸಲ ನಿಜವೂ ಹೌದು. ಆದರೂ ಅದಕ್ಕೆ ರೀಫಂಡ್ ಇಲ್ಲ. ಸೆಕೆಂಡ್ ಹ್ಯಾಂಡ್ ಅಂಗಡಿಗೆ ಮಾರಬಹುದು. ನ್ಯಾಯವಾಗಿ ಕೊಂಡ ಡಿಸ್ಕನ್ನು ಮರುಮಾರಾಟ ಮಾಡುವ ಹಕ್ಕು ಅಮೆರಿಕ, ಯುರೋಪ್ ಎರಡೂ ಕಡೆ ಇದೆ.

ಹೊಸ ಎಲ್‌ಪಿ, ಆದ್ರೂ ಟಿಕ್ ಟಿಕ್ ಅನ್ನುತ್ತೆ. ವಾಪಸ್ ಮಾಡ್ಲಾ?

ಮೊದಲು ಒರೆಸಿ. ಹೊಸ ರೆಕಾರ್ಡ್ ಕಾಗದದ ತೊಡುಗೆಯಿಂದ ಹೊರಗೆ ಬರುವಾಗ ಸ್ಥಾಯಿ ವಿದ್ಯುತ್ ಹುಟ್ಟುತ್ತದೆ, ಕಾಗದದ ಚೂರೂ ಅಂಟಿರುತ್ತದೆ. ಕಾರ್ಬನ್ ಫೈಬರ್ ಬ್ರಷ್‌ನಿಂದ ಒರೆಸಿದರೆ ಅರ್ಧ ಸದ್ದು ಹೋಗುತ್ತದೆ. ಹೋಗಲಿಲ್ಲ ಅಂದರೆ ಹೀಗೆ ನೋಡಿ.

ರೆಕಾರ್ಡ್ ತಿರುಗುವಾಗ ಸೂಜಿಯ ತೋಳು ಅಕ್ಕಪಕ್ಕ ತೂಗುತ್ತಿದ್ದರೆ ನಡುವಿನ ತೂತು ಸರಿಯಾದ ಜಾಗದಲ್ಲಿಲ್ಲ. ಉದ್ದಕ್ಕೆ ಎಳೆದ ಪಿಯಾನೋ ಸ್ವರ ಅಲುಗಿದ ಹಾಗೆ ಕೇಳುತ್ತದೆ. ತೋಳು ಮೇಲೆ ಕೆಳಗೆ ಆಡುತ್ತಿದ್ದರೆ ತಟ್ಟೆ ಬಾಗಿದೆ. ಒಂದೇ ಕಡೆ, ಪ್ರತಿ ಸುತ್ತಿಗೂ ಬಟ್ಟೆ ಹರಿದಂಥ ಸದ್ದು ಬಂದರೆ, ಅಚ್ಚೊತ್ತುವಾಗ ವಿನೈಲ್ ಪ್ಲಾಸ್ಟಿಕ್ ಗೆರೆಯೊಳಗೆ ಪೂರ್ತಿ ತುಂಬಿಲ್ಲ. ಈ ಮೂರೂ ಕಾರ್ಖಾನೆಯ ದೋಷ, ಧೈರ್ಯವಾಗಿ ವಾಪಸ್ ಮಾಡಿ. ಸ್ವಲ್ಪ ಬಾಗಿದ್ದು ಸದ್ದಿಗೆ ಏನೂ ಆಗದಿದ್ದರೆ ಅಂಗಡಿಯವರು ಒಪ್ಪದಿರಬಹುದು.

ಸೂಜಿ ಎಗರುತ್ತಿದ್ದರೆ ರೆಕಾರ್ಡನ್ನು ಬೈಯುವ ಮೊದಲು ಅದನ್ನು ತಿರುಗಿಸುವ ಯಂತ್ರ, ಅಂದರೆ ಟರ್ನ್‌ಟೇಬಲ್ ನೋಡಿ. ಹೆಚ್ಚಿನ ಸೂಜಿಗಳಿಗೆ ಒಂದೂವರೆಯಿಂದ ಎರಡು ಗ್ರಾಂ ಭಾರ ಬೇಕು. ಅದು ಕಮ್ಮಿಯಿದ್ದರೆ ಬಾಸ್ ಜೋರಾದ ಕಡೆ ಸೂಜಿ ಗೆರೆ ಬಿಡುತ್ತದೆ. ಇನ್ನೊಂದು ಟರ್ನ್‌ಟೇಬಲ್‌ನಲ್ಲೂ ಅದೇ ಜಾಗದಲ್ಲಿ ಎಗರಿದರೆ ಮಾತ್ರ ರೆಕಾರ್ಡಿನ ತಪ್ಪು. ಅಲ್ಲಿ ಸದ್ದು ಬರುವುದನ್ನು ಫೋನ್‌ನಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗಿ.

ಡಿಸ್ಕ್ ನನ್ನ ಪ್ಲೇಯರ್‌ನಲ್ಲಿ ಓಡ್ತಾನೇ ಇಲ್ಲ. ಡಿಸ್ಕ್ ದೋಷ ತಾನೇ?

ಯಾವಾಗಲೂ ಅಲ್ಲ. ಡಿವಿಡಿಗೆ ಪ್ರದೇಶದ ಲೆಕ್ಕ ಇದೆ. ಅಮೆರಿಕದ್ದು 1, ಯುರೋಪ್ ಮತ್ತು ಜಪಾನಿನದ್ದು 2, ಭಾರತದ್ದು 5. ಸಂಗೀತ ಕಛೇರಿಯ ಡಿವಿಡಿಯನ್ನು ಬೇರೆ ದೇಶದಿಂದ ತರಿಸಿದರೆ ಪ್ಲೇಯರ್ ಅದನ್ನು ಒಪ್ಪದೆ ಇರಬಹುದು. ಸೂಪರ್ ಆಡಿಯೋ ಸಿಡಿಯಲ್ಲಿ ಎರಡು ಬಗೆ. ಮಾಮೂಲಿ ಸಿಡಿಯ ಪದರವೂ ಇರುವ ಹೈಬ್ರಿಡ್ ಆದರೆ ಮಾಮೂಲಿ ಪ್ಲೇಯರ್‌ನಲ್ಲೂ ಓಡುತ್ತದೆ, ಒಂದೇ ಪದರದ್ದು ಓಡುವುದಿಲ್ಲ. ಈ ಗುರುತು ಡಬ್ಬಿ ಮೇಲೆ ಇದ್ದರೆ ಅಂಗಡಿಯವರ ತಪ್ಪು ಅನ್ನಲಾಗದು. ಗುರುತೇ ಇಲ್ಲದಿದ್ದರೆ, ಅಥವಾ ನೀವು ಕೇಳಿದಾಗ "ಓಡುತ್ತೆ" ಅಂತ ಹೇಳಿ ಮಾರಿದ್ದರೆ, ನಿಮ್ಮ ವಾದ ಗಟ್ಟಿ.

ಕಂಪನಿಗಳೇ ಕೆಡಿಸಿದ ಕಾಲವೂ ಇತ್ತು. 2000ರ ದಶಕದ ಮೊದಲ ವರ್ಷಗಳಲ್ಲಿ ನಕಲು ತಡೆಯುವ ಬೀಗ ಹಾಕಿದ ಡಿಸ್ಕ್‌ಗಳು ಬಂದವು. ಕೆಲವು ಕಾರ್ ಪ್ಲೇಯರ್‌ನಲ್ಲಿ, ಕಂಪ್ಯೂಟರ್‌ನಲ್ಲಿ ಓಡುತ್ತಲೇ ಇರಲಿಲ್ಲ. ಅವುಗಳ ಮೇಲೆ ಸಿಡಿಯ ಅಧಿಕೃತ ಲಾಂಛನ ಹಾಕಬಾರದು ಅಂತ ಸಿಡಿಯನ್ನು ಹುಟ್ಟುಹಾಕಿದವರಲ್ಲಿ ಒಬ್ಬರಾದ ಫಿಲಿಪ್ಸ್ ಕಂಪನಿಯೇ ಹೇಳಿತ್ತು. 2005ರಲ್ಲಿ ಸೋನಿ ಬಿಎಂಜಿಯ ಡಿಸ್ಕ್‌ಗಳು ಕಂಪ್ಯೂಟರ್‌ನಲ್ಲಿ ಗುಟ್ಟಾಗಿ ಅಡಗಿ ಕೂರುವ ಸಾಫ್ಟ್‌ವೇರ್ ಹಾಕುತ್ತವೆ ಅಂತ ಬಯಲಾಯಿತು. ದೊಡ್ಡ ಗಲಾಟೆ ಎದ್ದು, ಕಂಪನಿ ಆ ಡಿಸ್ಕ್‌ಗಳನ್ನು ಹಿಂಪಡೆದು ಬೀಗವಿಲ್ಲದ ಸಿಡಿ ಬದಲಿ ಕೊಡಬೇಕಾಯಿತು. ಬಿಚ್ಚಿದ ಸಿಡಿಯನ್ನು ತಕರಾರಿಲ್ಲದೆ ವಾಪಸ್ ತೆಗೆದುಕೊಂಡ ಅಪರೂಪದ ಸಂದರ್ಭ ಅದು.

ಡೌನ್‌ಲೋಡ್ ಮಾಡಿದ ಆಲ್ಬಮ್ ವಾಪಸ್ ಮಾಡೋಕಾಗುತ್ತಾ?

ಯುರೋಪಿನಲ್ಲಿ "ಈಗಲೇ ಡೌನ್‌ಲೋಡ್ ಶುರು ಮಾಡಿ, ನನ್ನ 14 ದಿನದ ಹಕ್ಕು ಹೋಗುತ್ತದೆ ಅಂತ ಗೊತ್ತು" ಅನ್ನುವ ಚೌಕಕ್ಕೆ ಟಿಕ್ ಹಾಕಿಸಿಕೊಳ್ಳುತ್ತಾರೆ. ನಾವೆಲ್ಲ ಓದದೇ ಒತ್ತುವುದು ಅದನ್ನೇ. ಫೈಲ್ ಹಾಳಾಗಿದ್ದರೆ, ಹಾಡು ಅರ್ಧಕ್ಕೆ ನಿಂತರೆ, ಬೇರೆ ಆವೃತ್ತಿ ಬಂದಿದ್ದರೆ ಕೇಳುವ ಹಕ್ಕು ಇದೆ. ಬ್ರಿಟನ್‌ನಲ್ಲಿ ಅಂಥದ್ದಕ್ಕೆ ಮೊದಲು ಸರಿಪಡಿಸುವುದು ಅಥವಾ ಬದಲಿ, ಆಗದಿದ್ದರೆ ದುಡ್ಡು.

## ಯಂತ್ರಗಳು

ಅಂಗಡಿಯಲ್ಲಿ ಟಿವಿ ಫಳಫಳ ಹೊಳೀತಿತ್ತು, ಮನೇಲಿ ಮಂಕು. ಮೋಸ ಮಾಡಿದ್ರಾ?

ಬಹುಶಃ ಇಲ್ಲ. ಟಿವಿಗಳಲ್ಲಿ ಅಂಗಡಿಗೆಂದೇ ಒಂದು ಡೆಮೋ ಮೋಡ್ ಇರುತ್ತದೆ. ಹೊಳಪು, ಬಣ್ಣ ಎಲ್ಲವೂ ಕೊನೇ ಮಟ್ಟಕ್ಕೆ ಏರಿರುತ್ತದೆ, ಓಡುವ ವಿಡಿಯೋ ಕೂಡ ಅದಕ್ಕೇ ಆರಿಸಿದ್ದು. ಮನೆಯಲ್ಲಿ ಕರೆಂಟ್ ಉಳಿಸುವ ಮೋಡ್ ತಾನಾಗೇ ಆನ್ ಆಗಿರುತ್ತದೆ. ಸೆಟ್ಟಿಂಗ್ ಬದಲಿಸಿ, ಎರಡು ದಿನ ನೋಡಿ. ರಿಟರ್ನ್ ಅವಧಿ ಇರುವುದೇ ಇದಕ್ಕೆ. ಮೊದಲ ದಿನದ ನಿರಾಸೆಗೆ ಟಿವಿ ಕಟ್ಟಿ ಹೊತ್ತುಕೊಂಡು ಹೋಗಬೇಡಿ.

ಪರದೆ ಮೇಲೆ ಒಂದೇ ಒಂದು ಕಪ್ಪು ಚುಕ್ಕೆ. ಬದಲಾಯಿಸಿ ಕೊಡ್ತಾರಾ?

ಒಂದು ಚುಕ್ಕೆಗೆ ಕಷ್ಟ. ಫುಲ್ ಎಚ್‌ಡಿ ಪರದೆಯಲ್ಲಿ 1920ಕ್ಕೆ 1080, ಅಂದರೆ 20 ಲಕ್ಷಕ್ಕೂ ಜಾಸ್ತಿ ಪಿಕ್ಸೆಲ್ ಇರುತ್ತವೆ. ಎಷ್ಟು ಸತ್ತರೆ ದೋಷ ಅನ್ನುವುದಕ್ಕೆ ಐಎಸ್‌ಒ 9241-307 ಅನ್ನುವ ಮಾನದಂಡದಲ್ಲಿ ದರ್ಜೆಗಳಿವೆ. ಬಹಳ ಕಂಪನಿಗಳು ತಮ್ಮ ಪಟ್ಟಿ ಮಾಡಿಕೊಂಡು, ಒಂದೆರಡು ಚುಕ್ಕೆಯನ್ನು ದೋಷ ಅನ್ನುವುದೇ ಇಲ್ಲ. ಅದಕ್ಕೆ ವಾರಂಟಿ ಹಿಡಿದು ಹೊಡೆದಾಡುವುದಕ್ಕಿಂತ ಅಂಗಡಿಯ ರಿಟರ್ನ್ ಅವಧಿಯೊಳಗೆ "ಬೇಡ" ಅಂತ ವಾಪಸ್ ಮಾಡುವುದು ಸುಲಭ. ಸೌಜನ್ಯದ ದಾರಿ ಹಕ್ಕಿನ ದಾರಿಗಿಂತ ಹತ್ತಿರವಾಗುವ ಜಾಗ ಇದು.

ಇಯರ್‌ಬಡ್ ಕಿವಿಗೆ ಕೂರ್ತಿಲ್ಲ, ಹೆಡ್‌ಫೋನ್ ಸದ್ದು ಸಾಲ್ತಿಲ್ಲ. ಏನಾದ್ರೂ ಆಗುತ್ತಾ?

ಕಿವಿಯೊಳಗೆ ಹೋಗುವ ವಸ್ತುವನ್ನು ಬಹಳ ಅಂಗಡಿಗಳು ಶುಚಿತ್ವದ ಕಾರಣ ಕೊಟ್ಟು ವಾಪಸ್ ತೆಗೆದುಕೊಳ್ಳುವುದಿಲ್ಲ. ಬೇರೆ ಅಳತೆಯ ರಬ್ಬರ್ ತುದಿ ಹಾಕಿ ನೋಡಿ. ಸರಿಯಾಗಿ ಕೂತರೆ ಬಾಸ್ ಕೂಡ ವಾಪಸ್ ಬರುತ್ತದೆ. ದೊಡ್ಡ ಹೆಡ್‌ಫೋನ್‌ನಲ್ಲಿ ಸದ್ದು ಕಮ್ಮಿಯಾದರೆ ಇಂಪೀಡನ್ಸ್, ಅಂದರೆ ಓಮ್ ಲೆಕ್ಕದಲ್ಲಿ ಹೇಳುವ ವಿದ್ಯುತ್ ತಡೆ, ಎಷ್ಟು ಅಂತ ನೋಡಿ. 250, 300 ಓಮ್‌ನ ಸ್ಟುಡಿಯೋ ಹೆಡ್‌ಫೋನ್‌ಗಳಿಗೆ ಫೋನಿನ ಶಕ್ತಿ ಸಾಮಾನ್ಯವಾಗಿ ಸಾಲದು, ಆಂಪ್ಲಿಫೈಯರ್ ಬೇಕು. ಅದು ದೋಷವಲ್ಲ. "ಫೋನಿಗೆ ನಡೆಯುತ್ತೆ" ಅಂತ ಹೇಳಿ ಮಾರಿದ್ದರೆ ಮಾತ್ರ ಅಂಗಡಿಯವರ ಹೊಣೆ.

ಫೋನ್ ವಾಪಸ್ ಕೊಡೋ ಮುಂಚೆ ಏನೇನು ಮಾಡ್ಬೇಕು?

ಬ್ಯಾಕಪ್ ಮಾಡಿ. ಖಾತೆಯಿಂದ ಲಾಗ್ ಔಟ್ ಆಗಿ, ಆಮೇಲೆ ಫ್ಯಾಕ್ಟರಿ ರೀಸೆಟ್. ಈ ಕ್ರಮ ತಪ್ಪಿದರೆ ಫೋನ್ ನಿಮ್ಮ ಖಾತೆಗೇ ಬೀಗ ಹಾಕಿಕೊಂಡು ಕೂರುತ್ತದೆ, ರೀಫಂಡ್ ಅಲ್ಲೇ ನಿಲ್ಲುತ್ತದೆ. ಸಿಮ್, ಮೆಮೊರಿ ಕಾರ್ಡ್ ತೆಗೆಯಿರಿ. ಒಂದೊಂದು ಫೋನಿಗೂ ಬೇರೆ ಬೇರೆ ಇರುವ ಐಎಂಇಐ ಗುರುತಿನ ನಂಬರ್ ಬಿಲ್ಲಿನ ನಂಬರಿಗೆ ಹೊಂದುತ್ತದಾ ನೋಡಿ, ಪ್ಯಾಕ್ ಮಾಡುವುದನ್ನು ವಿಡಿಯೋ ಮಾಡಿ. ಹೊಸ ಡಬ್ಬಿಯಲ್ಲಿ ಹಳೇ ಫೋನ್ ಇಟ್ಟು ವಾಪಸ್ ಮಾಡುವ ಖದೀಮರು ಇದ್ದಾರೆ. ಅವರಿಂದಾಗಿ ಅನುಮಾನ ನಿಮ್ಮ ಮೇಲೂ ಬರುತ್ತದೆ.

ಬಿಚ್ಚಿದ್ದಕ್ಕೆ ಶೇ. 15 ಮುರ್ಕೋತೀವಿ ಅಂತಾರೆ. ಸರಿನಾ?

ಅಂಗಡಿಗೆ ಹೋಗಿ ಕೊಂಡು ಮನಸ್ಸು ಬದಲಾದದ್ದಕ್ಕೆ, ಮೊದಲೇ ತಿಳಿಸಿದ್ದರೆ, ಸರಿ. ಬಿಚ್ಚಿದ ಕ್ಯಾಮೆರಾವನ್ನು ಮತ್ತೆ ಹೊಸದು ಅಂತ ಮಾರುವ ಹಾಗಿಲ್ಲ, ಬೆಲೆ ಇಳಿಸಬೇಕಾಗುತ್ತದೆ. ಕೆಟ್ಟ ಮಾಲಿಗೆ ಈ ಶುಲ್ಕ ಹಾಕಿದರೆ ಒಪ್ಪಬೇಡಿ.

## ಜಗಳ ಮುಂದುವರಿದರೆ

ಕೊಂಡು ನಾಲ್ಕೇ ದಿನ ಆಗಿದೆ. ಅಂಗಡಿಯವರು "ನಮ್ಗೆ ಸಂಬಂಧ ಇಲ್ಲ, ಸರ್ವಿಸ್ ಸೆಂಟರ್‌ಗೆ ಹೋಗಿ" ಅಂತಾರೆ.

ಇದು ಅತಿ ಹೆಚ್ಚು ಕೇಳಿಬರುವ ಮಾತು, ಅತಿ ಹೆಚ್ಚು ತಪ್ಪು ಮಾತು ಕೂಡ. ವಾರಂಟಿ ಅನ್ನುವುದು ತಯಾರಕರು ಕೊಟ್ಟ ಭರವಸೆ. ಮಾರಾಟದ ಹೊಣೆ ಮಾರಿದವರದು. ದುಡ್ಡು ತೆಗೆದುಕೊಂಡವರು ಯಾರು? ಯುರೋಪ್, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ದೋಷಕ್ಕೆ ಮೊದಲು ಉತ್ತರ ಹೇಳಬೇಕಾದವರು ಅಂಗಡಿಯವರೇ. ಯುರೋಪಿನಲ್ಲಿ ಈ ಕಾನೂನಿನ ಖಾತರಿ ಕಡೇ ಪಕ್ಷ ಎರಡು ವರ್ಷ. ಬ್ರಿಟನ್‌ನಲ್ಲಿ ಮೊದಲ 30 ದಿನ ಕಳೆದಿದ್ದರೂ ಆರು ತಿಂಗಳೊಳಗೆ ಕಾಣಿಸಿದ ದೋಷ ಕೊಳ್ಳುವಾಗಲೇ ಇತ್ತು ಅಂತ ಸಾಮಾನ್ಯವಾಗಿ ಭಾವಿಸುತ್ತಾರೆ, ಅಲ್ಲ ಅಂತ ಅಂಗಡಿಯವರು ತೋರಿಸಬೇಕು. ಒಂದು ಸಲ ರಿಪೇರಿ ಮಾಡಿಯೂ ಸರಿಹೋಗದಿದ್ದರೆ ದುಡ್ಡು ಕೇಳಬಹುದು. ಮತ್ತೆ ಮತ್ತೆ ರಿಪೇರಿಗೆ ಅಲೆಯಬೇಕಿಲ್ಲ.

ಕೌಂಟರ್‌ನಲ್ಲಿ ಹೇಗೆ ಮಾತಾಡುವುದು ಅಂತಲೂ ಕೇಳುತ್ತಾರೆ. "ಚೆನ್ನಾಗಿಲ್ಲ" ಅನ್ನಬೇಡಿ. "ಎಡಗಡೆ ಸ್ಪೀಕರ್‌ನಲ್ಲಿ ಸದ್ದು ಬರುತ್ತಿಲ್ಲ, ಮಂಗಳವಾರದಿಂದ, ವಿಡಿಯೋ ಇಲ್ಲಿದೆ" ಅನ್ನಿ. ಏನು ಬೇಕು ಅಂತಲೂ ನೀವೇ ಹೇಳಿ, ಬದಲಿಯೋ ದುಡ್ಡೋ. ಆಗಲ್ಲ ಅಂದರೆ ಅದನ್ನು ಬರೆದು ಕೊಡಿ ಅಂತ ಕೇಳಿ. ಬಾಯಲ್ಲಿ ಸಲೀಸಾಗಿ ಬರುವ "ಆಗಲ್ಲ" ಕಾಗದದ ಮೇಲೆ ಅಷ್ಟು ಸಲೀಸಾಗಿ ಬರುವುದಿಲ್ಲ. ಕೌಂಟರ್‌ನಲ್ಲಿ ನಿಂತ ಹುಡುಗನ ಮೇಲೆ ಕೂಗಬೇಡಿ, ನಿಯಮ ಮಾಡಿದವನು ಅವನಲ್ಲ.

ಸ್ಕ್ರೂ ಮೇಲಿನ ಸ್ಟಿಕ್ಕರ್ ಹರಿದಿದೆ, ವಾರಂಟಿ ಹೋಯ್ತು ಅಂತಾರೆ.

ಅಮೆರಿಕದಲ್ಲಿ ಈ ಮಾತು ನಿಲ್ಲುವುದಿಲ್ಲ. 1975ರ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯ್ದೆಯ ಆಧಾರದ ಮೇಲೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2018ರಲ್ಲಿ ಇಂಥ ಸ್ಟಿಕ್ಕರ್‌ಗಳ ಬಗ್ಗೆ ಆರು ಕಂಪನಿಗಳಿಗೆ ಎಚ್ಚರಿಕೆ ಪತ್ರ ಕಳಿಸಿತ್ತು. ಬಿಚ್ಚಿದಾಗ ನೀವೇ ಏನಾದರೂ ಮುರಿದಿದ್ದರೆ ಅದಕ್ಕೆ ಮಾತ್ರ ನೀವು ಹೊಣೆ.

ಬ್ಯಾಟರಿ ಉಬ್ಬಿದೆ. ಕೊರಿಯರ್‌ನಲ್ಲಿ ಕಳಿಸ್ಲಾ?

ಬೇಡ. ಉಬ್ಬಿದ ಲಿಥಿಯಂ ಬ್ಯಾಟರಿ ಹೊತ್ತಿಕೊಳ್ಳಬಹುದು. ಚಾರ್ಜ್ ಮಾಡಬೇಡಿ, ಚುಚ್ಚಬೇಡಿ, ಅಂಗಡಿಗೆ ಫೋನ್ ಮಾಡಿ ಹೇಗೆ ಒಪ್ಪಿಸಬೇಕು ಅಂತ ಕೇಳಿ. 2016ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಫೋನ್‌ಗಳನ್ನು ಹಿಂಪಡೆದಾಗ ಬದಲಿ ಕೊಟ್ಟವೂ ಹೊತ್ತಿಕೊಂಡು ತಯಾರಿಕೆಯನ್ನೇ ನಿಲ್ಲಿಸಬೇಕಾಯಿತು. ವಾಪಸ್ ಕಳಿಸಲು ಬೆಂಕಿ ತಡೆಯುವ ಪೆಟ್ಟಿಗೆಗಳನ್ನೇ ಗಿರಾಕಿಗಳಿಗೆ ಕೊಟ್ಟಿದ್ದರು.

"ನೀವು ಜಾಸ್ತಿ ವಾಪಸ್ ಮಾಡ್ತೀರಿ" ಅಂತ ನನ್ನ ಖಾತೇನೇ ಬಂದ್ ಮಾಡಿದ್ದಾರೆ!

ಅಂಗಡಿಗಳು ರಿಟರ್ನ್ ಲೆಕ್ಕ ಇಡುತ್ತವೆ. ಅಮೆರಿಕದಲ್ಲಿ ಹಲವು ಅಂಗಡಿಗಳ ಪರವಾಗಿ ಈ ಲೆಕ್ಕ ನೋಡಿಕೊಳ್ಳುವ ಕಂಪನಿಯೇ ಇದೆ. ಸೌಜನ್ಯವನ್ನು ನಿಲ್ಲಿಸುವ ಅಧಿಕಾರ ಅವರಿಗಿದೆ. ಆದರೆ ದೋಷದ ಮಾಲನ್ನು ವಾಪಸ್ ಮಾಡಿದ್ದನ್ನೂ ಅದೇ ಲೆಕ್ಕಕ್ಕೆ ಸೇರಿಸಿದ್ದರೆ ಬರೆದು ಆಕ್ಷೇಪಿಸಿ. ವಾಪಸ್ ಮಾಡುವಾಗ ಕಾರಣದ ಪಟ್ಟಿಯಲ್ಲಿ ಅವಸರಕ್ಕೆ "ಇಷ್ಟವಾಗಲಿಲ್ಲ" ಅಂತ ಒತ್ತಿದರೆ ಇಲ್ಲಿ ಪೆಟ್ಟು ಬೀಳುತ್ತದೆ.

ಅಂಗಡಿ ಕೇಳ್ತಾನೇ ಇಲ್ಲ. ಬ್ಯಾಂಕ್ ಮೂಲಕ ದುಡ್ಡು ವಾಪಸ್ ಎಳೀಬಹುದಾ?

ಕಾರ್ಡಿನಲ್ಲಿ ಕೊಟ್ಟಿದ್ದರೆ ಚಾರ್ಜ್‌ಬ್ಯಾಕ್ ಕೇಳಬಹುದು. ಮಾಲು ಬಂದೇ ಇಲ್ಲ, ಬಂದದ್ದು ಬೇರೆ, ಕೆಟ್ಟದ್ದು ಬಂತು ಅನ್ನುವಂಥ ಕಾರಣ ಬೇಕು. ಅಂಗಡಿಯವರ ಜೊತೆ ಮೊದಲು ಮಾತಾಡಿದ ದಾಖಲೆಯೂ ಬೇಕು. ಗಡುವು ಇರುತ್ತದೆ, ಬ್ಯಾಂಕಿನಲ್ಲಿ ಬೇಗ ಕೇಳಿ. ಬ್ರಿಟನ್‌ನಲ್ಲಿ ಇನ್ನೂ ಗಟ್ಟಿ ದಾರಿ ಇದೆ. 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಕಲಮಿನ ಪ್ರಕಾರ, ಕ್ರೆಡಿಟ್ ಕಾರ್ಡಿನಲ್ಲಿ ಕೊಂಡ ವಸ್ತುವಿನ ಬೆಲೆ 100 ಪೌಂಡ್‌ಗಿಂತ ಜಾಸ್ತಿ ಇದ್ದು 30,000 ಪೌಂಡ್ ಮೀರದಿದ್ದರೆ, ಅಂಗಡಿಯ ಜೊತೆ ಕಾರ್ಡ್ ಕಂಪನಿಯೂ ಹೊಣೆ. ಅಂಗಡಿಯೇ ಬಾಗಿಲು ಮುಚ್ಚಿದ್ದರೂ ಕಾರ್ಡ್ ಕಂಪನಿಯನ್ನು ಕೇಳಬಹುದು. ಭಾರತದಲ್ಲಿ 1915 ನಂಬರಿನ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು, ಆಮೇಲೂ ಆಗದಿದ್ದರೆ ಗ್ರಾಹಕ ಆಯೋಗ. ಇಷ್ಟ ಆಗಲಿಲ್ಲ ಅನ್ನುವ ಕಾರಣಕ್ಕೆ ಚಾರ್ಜ್‌ಬ್ಯಾಕ್ ಹಾಕಿದರೆ ಮಾತ್ರ ಸುಮ್ನೆ ತಿರಸ್ಕಾರವಾಗುತ್ತದೆ, ಅಂಗಡಿಯವರು ನಿಮ್ಮನ್ನು ಮತ್ತೆ ಗಿರಾಕಿ ಅಂತ ಸೇರಿಸದೆಯೂ ಇರಬಹುದು.